ಬೆಳಿಯೋ ಹುಡುಗನ ಅಂಗಿ

ಪ್ರೀತಿಯ ತಂಗಿ,

ನಿಮ್ಮ ಕಥೆ 'ಪರಲೋಕದ ಹೂವು' ಕೈಸೇರಿ ಎರಡು ತಿಂಗಳಾಯಿತು. ತಡವಾಯಿತು ಅಂತ ಬೇಜಾರು ಮಾಡಿಕೊಳ್ಳಬೇಡಿ, ಮೂರು ಸಲ ಓದಿದೆ. ಈಗ ಇರುವ ಹಾಗೆ ಇದನ್ನು ನಮ್ಮ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ಹಾಗಂತ ಎರಡು ಸಾಲು ಬರೆದು ವಾಪಸ್ ಕಳಿಸಲೂ ಮನಸ್ಸಾಗುತ್ತಿಲ್ಲ.

ಯಾವ ಕಥೆ ಬಂದರೂ ನಾನು ಅದನ್ನು ಮಡಚಿಟ್ಟು, ನನ್ನ ಮಾತಿನಲ್ಲಿ ಒಮ್ಮೆ ಹೇಳಿಕೊಳ್ಳುತ್ತೇನೆ. ಎಲ್ಲಿ ಸಡಿಲ ಇದೆ ಅಂತ ಆಗ ತಿಳಿಯುತ್ತದೆ. ನಿಮ್ಮದನ್ನೂ ಹೇಳಿಕೊಂಡೆ. ಬೀದರಿನ ಒಂದು ಮೆಥೋಡಿಸ್ಟ್ ಕುಟುಂಬ, ಅಂದರೆ ಪ್ರೊಟೆಸ್ಟಂಟ್ ಕ್ರೈಸ್ತರು. ಏಳು ವರ್ಷದ ಮಗನಿಗೆ ಡೆಂಗಿ. ಹೈದರಾಬಾದಿಗೆ ಒಯ್ಯುತ್ತಾರೆ. ಚರ್ಚಿನ ಸಭೆಯವರು ನಾಲ್ಕು ದಿನ ಉಪವಾಸ ಪ್ರಾರ್ಥನೆ ಮಾಡುತ್ತಾರೆ. ಹುಡುಗ ಉಳಿಯುವುದಿಲ್ಲ. ತಾಯಿ ಚರ್ಚಿಗೆ ಹೋಗುವುದನ್ನೇ ಬಿಡುತ್ತಾಳೆ. ಒಂದು ರಾತ್ರಿ ಬಿಳಿ ನಿಲುವಂಗಿ ತೊಟ್ಟ ಮಗ ಕನಸಿನಲ್ಲಿ ಬಂದು 'ಅಳಬೇಡ' ಅನ್ನುತ್ತಾನೆ. ಮರುದಿನ ಭಾನುವಾರ. ಆಕೆ ನಗುನಗುತ್ತಾ ಹಾಡಿನ ಪುಸ್ತಕ ಹಿಡಿದು ಹೊರಡುತ್ತಾಳೆ.

ಇದು ನಿಮ್ಮ ಅಣ್ಣನ ಮನೆಯಲ್ಲೇ ನಡೆದದ್ದು ಎಂದು ಪತ್ರದಲ್ಲಿ ಬರೆದಿದ್ದೀರಿ. ಅತ್ತಿಗೆಗೆ ಆ ಕನಸು ಬಿದ್ದದ್ದೂ ನಿಜ ಎಂದಿದ್ದೀರಿ. ನಂಬುತ್ತೇನೆ. ಆದರೆ ಮರುದಿನವೇ ನಗು ಬಂತಾ? ಹಾಡಲು ಬಾಯಿ ಬಂತಾ? ಅದನ್ನು ನಂಬುವುದಕ್ಕೆ ನನಗೆ ಆಗುತ್ತಿಲ್ಲ. ನೀವೂ ನಂಬಿದ ಹಾಗೆ ಕಾಣುವುದಿಲ್ಲ, ಯಾಕೆಂದರೆ ಆ ಪುಟದಲ್ಲಿ ನಿಮ್ಮ ಭಾಷೆಯೇ ಬದಲಾಗಿದೆ. ಅಲ್ಲಿಯವರೆಗೆ ನೀವು ಬರೆಯುತ್ತಿದ್ದಿರಿ, ಅಲ್ಲಿಂದ ಯಾರೋ ಪ್ರಸಂಗ ಮಾಡುತ್ತಿದ್ದಾರೆ.

ಆಸ್ಪತ್ರೆಗೆ ನಾಲ್ಕು ಪುಟ ಕೊಟ್ಟಿದ್ದೀರಿ. ಸಿಟ್ಟು ಅರ್ಥವಾಗುತ್ತದೆ, ಆದರೂ ಅರ್ಧ ಪುಟ ಸಾಕು. ಪ್ಲೇಟ್‌ಲೆಟ್ ಲೆಕ್ಕ ದಿನಾ ಇಳಿಯುವುದನ್ನು ಓದುಗ ಒಂದೇ ಸಲಕ್ಕೆ ಹಿಡಿದುಕೊಳ್ಳುತ್ತಾನೆ.

ಒಂದು ಮಾತು ಕೇಳಲೇಬೇಕು. ಗೋಡೆಯ ಮೇಲೆ ಮರಿಯಮ್ಮನವರ ಪಟ, ಅಜ್ಜಿಯ ಕೈಯಲ್ಲಿ ಜಪಸರ ಎಲ್ಲಿಂದ ಬಂದವು? 3ನೇ ಪುಟದಲ್ಲಿ 'ಫಾದರ್' ಬಂದು ಪ್ರಾರ್ಥನೆ ಮಾಡುತ್ತಾರೆ, 6ನೇ ಪುಟದಲ್ಲಿ ಅವರ ಹೆಂಡತಿ ಚಹಾ ತಂದು ಕೊಡುತ್ತಾರೆ! ಪಟ, ಜಪಸರ, ಮದುವೆಯಾಗದ ಫಾದರ್, ಇದೆಲ್ಲ ಕಥೋಲಿಕರ ಕಡೆಯದು, ಮೆಥೋಡಿಸ್ಟರದಲ್ಲ. ಕಥೋಲಿಕ ಓದುಗರು ಪತ್ರಿಕೆ ಮುಚ್ಚಿಟ್ಟು ನನಗೆ ಫೋನ್ ಮಾಡುತ್ತಾರೆ. ಇದು ನಿಮಗೆ ಗೊತ್ತಿಲ್ಲದ್ದಲ್ಲ. ಹುಟ್ಟಿದಾಗಿನಿಂದ ನೀವು ಪಾಸ್ಟರ್ ಅಂತಲೇ ಕರೆದವರು. 'ಇದು ಕ್ರೈಸ್ತರ ಮನೆ' ಅಂತ ನನ್ನಂಥ ಹೊರಗಿನವರಿಗೆ ಗೊತ್ತಾಗಲಿ ಅಂತ ಸಿನಿಮಾದಿಂದ ಸಾಮಾನು ತಂದು ಜೋಡಿಸಿದಿರಿ, ಅಲ್ವಾ? ಬೀದರ್ ಜಿಲ್ಲೆಯ ಎಷ್ಟೋ ಊರುಗಳಲ್ಲಿ ಮೆಥೋಡಿಸ್ಟ್ ಚರ್ಚುಗಳಿವೆ. ಆ ಮನೆಗಳ ಕಥೆ ಮಾತ್ರ ನನ್ನ ಮೇಜಿಗೆ ಬರುವುದೇ ಅಪರೂಪ. ಬಂದ ಒಂದು ಕಥೆಯೂ ಸಿನಿಮಾದ ಮನೆಯಾದರೆ ಹೇಗೆ?

ಮಣ್ಣನ್ನೂ ಹಾಗೇ ಮಾಡಿದ್ದೀರಿ. 'ಒದ್ದೆಯಾದ ಕರಿ ಮಣ್ಣು ಪುಟ್ಟ ಪೆಟ್ಟಿಗೆಯನ್ನು ಮೆಲ್ಲಗೆ ಒಳಗೆಳೆದುಕೊಂಡಿತು' ಎಂದಿದ್ದೀರಿ. ಕರಿ ಮಣ್ಣು ನಮ್ಮ ಕಲಬುರಗಿ ಕಡೆಯದು. ಬೀದರ್ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಬಹಮನಿ ಕಾಲದವರು ನೌಬಾದಿನ ಕರೇಜ್, ಅಂದರೆ ನೆಲದಡಿಯ ನೀರಿನ ಕಾಲುವೆ, ಕೊರೆದದ್ದು ಅದೇ ಕಲ್ಲಿನಲ್ಲಿ. ಅಲ್ಲಿ ಮಗುವಿನ ಗುಂಡಿ ತೋಡಲೂ ಹಾರೆ ಬೇಕು. ಎಷ್ಟು ಹೊತ್ತು ಹಿಡಿಯಿತು? ಕಲ್ಲಿಗೆ ಹಾರೆ ಬೀಳುವ ಸಪ್ಪಳ ಮನೆಯವರ ಕಿವಿಗೆ ಬಿತ್ತಾ? ಅದನ್ನು ಬರೆಯಿರಿ. 'ಮೆಲ್ಲಗೆ' ಎಂಬುದನ್ನು ಹೊಡೆದುಹಾಕಿ.

ಈಗ 11ನೇ ಪುಟಕ್ಕೆ ಬರುತ್ತೇನೆ. ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ. ಹುಡುಗ ತೀರಿ ಮೂರು ವಾರ. ಕ್ರಿಸ್‌ಮಸ್‌ಗೆ ಅಂತ ಮೊದಲೇ ಬಟ್ಟೆ ಹೊಲಿಯಲು ಕೊಟ್ಟಿದ್ದರು. ಟೇಲರ್ ಫೋನ್ ಮಾಡುತ್ತಾನೆ. ಅವನಿಗೆ ಸುದ್ದಿ ಗೊತ್ತಿಲ್ಲ. ತಂದೆ ಅಂಗಡಿಗೆ ಹೋಗುತ್ತಾನೆ. ಟೇಲರ್ ಅಂಗಿ ಬಿಡಿಸಿ ತೋರಿಸಿ, 'ಜರಾ ಉದ್ದ ಇಟ್ಟೀನ್ರಿ, ಬೆಳಿಯೋ ಹುಡುಗ' ಅನ್ನುತ್ತಾನೆ. ತಂದೆ 'ಇರ್ಲಿ, ಸರಿ ಅದ' ಅಂದು ಬಾಕಿ ಕೊಟ್ಟು ಬರುತ್ತಾನೆ.

ಆರೇ ಸಾಲು. ಓದಿ ನಾನು ಎದ್ದು ಹೊರಗೆ ಹೋಗಿ ನಿಂತೆ. ಇಡೀ ಕಥೆಯಲ್ಲಿ ಬೀದರಿನ ಮಾತು ಕೇಳಿಸುವುದು ಇಲ್ಲೊಂದೇ ಕಡೆ. ಉಳಿದ ಕಡೆ ತಾಯಿ 'ಓ ನನ್ನ ಕಂದನೇ, ನನ್ನನ್ನು ಅಗಲಿ ಎಲ್ಲಿಗೆ ಹೋದೆ' ಎಂದು ಅಳುತ್ತಾಳೆ. ನಿಮ್ಮ ಓಣಿಯಲ್ಲಿ ಯಾರು ಹಾಗೆ ಅಳುತ್ತಾರೆ ಹೇಳಿ.

ನಾನು ಕ್ರೈಸ್ತನಲ್ಲ. ಆದರೂ ನಿಮ್ಮ ಕಥೆ ಓದಿದ ಮೇಲೆ ಬೈಬಲ್ ತೆಗೆದು ಕೂತೆ. ನಿಮ್ಮ ಪಾಸ್ಟರ್ ಮೊದಲ ರಾತ್ರಿಯೇ, ಮಕ್ಕಳನ್ನೆಲ್ಲ ಕಳೆದುಕೊಂಡ ಯೋಬನ ಮಾತು ಹೇಳುತ್ತಾರೆ, ಯೆಹೋವನೇ ಕೊಟ್ಟ, ಯೆಹೋವನೇ ತೆಗೆದುಕೊಂಡ ಅಂತ. ಅದು 1ನೇ ಅಧ್ಯಾಯ. ಅದೇ ಯೋಬ 3ನೇ ಅಧ್ಯಾಯದಲ್ಲಿ ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. ನೀವು 1ರಲ್ಲೇ ನಿಂತುಬಿಟ್ಟಿರಿ. ಮೆಥೋಡಿಸ್ಟ್ ಪಂಥ ಕಟ್ಟಿದ ಜಾನ್ ವೆಸ್ಲಿಯ ತಾಯಿ ಸುಸಾನಾ ಹೆತ್ತ 19 ಮಕ್ಕಳಲ್ಲಿ 9 ಕೂಸುಗಳಾಗಿದ್ದಾಗಲೇ ತೀರಿಕೊಂಡವು ಎಂದೂ ಪಾಸ್ಟರ್ ಹೇಳುತ್ತಾರೆ. ಅದು ನಿಜವೇ. ಆದರೆ 9 ಅಂತ ಕೇಳಿದ ತಾಯಿಗೆ ತನ್ನ ಒಂದು ಹಗುರಾಗುತ್ತದಾ? ಆ ಮಾತು ಕೇಳುವಾಗ ಆಕೆ ಎತ್ತ ನೋಡುತ್ತಿದ್ದಳು ಅಂತ ನೀವು ಬರೆದೇ ಇಲ್ಲ.

ಅರಸುಗಳು ಎರಡನೆಯ ಪುಸ್ತಕದ 4ನೇ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಶೂನೇಮಿನ ಹೆಂಗಸು. ಹೊಲದಲ್ಲಿದ್ದ ಮಗ ತಲೆ, ತಲೆ ಅಂದ. ಮಧ್ಯಾಹ್ನದವರೆಗೆ ಅವಳ ತೊಡೆಯ ಮೇಲಿದ್ದು ಸತ್ತ. ಅವಳು ಕತ್ತೆ ಹೊಡೆಸಿಕೊಂಡು, ನಿನಗೆ ಮಗ ಹುಟ್ಟುತ್ತಾನೆ ಅಂತ ಹಿಂದೆ ಹೇಳಿದ್ದ ಪ್ರವಾದಿ ಎಲೀಷನ ಹತ್ತಿರ ಹೋಗುತ್ತಾಳೆ. ಎದುರಿಗೆ ಬಂದ ಆಳು ಮಗು ಕ್ಷೇಮವಾ ಅಂತ ಕೇಳಿದರೆ, ಕ್ಷೇಮ ಅನ್ನುತ್ತಾಳೆ! ಎಲೀಷನ ಕಾಲು ಹಿಡಿದ ಮೇಲೆಯೇ ಸಿಟ್ಟು ಹೊರಬರುವುದು: ನಾನೇನು ಮಗ ಬೇಕು ಅಂತ ಕೇಳಿದ್ದೆನಾ?

ನಿಮ್ಮ ಅಣ್ಣ ಟೇಲರ್ ಮುಂದೆ 'ಸರಿ ಅದ' ಅಂದದ್ದು ಅದೇ ಮಾತು. ಅವಳಿಗೆ ಕಾಲು ಹಿಡಿದು ಕೇಳಲು ಒಬ್ಬ ಸಿಕ್ಕ. ನಿಮ್ಮ ಅಣ್ಣ ಯಾರನ್ನು ಕೇಳಿದರು? ಅವಳ ಮಗ ಆಮೇಲೆ ಎದ್ದು ಕೂತ, ಇವರ ಮಗ ಏಳಲಿಲ್ಲ. ನಂಬುವ ಮನೆಯವರಿಗೆ ಇದು ನುಂಗಲಾಗದ ತುತ್ತು. ಇದನ್ನು ಬಿಟ್ಟು ಕನಸಿಗೆ ಹಾರಿದರೆ ಕಥೆಯಲ್ಲಿ ನಂಬಿಕೆಗೆ ಕೆಲಸವೇ ಇರುವುದಿಲ್ಲ.

'ನಂಬಿಕೆ ಸಾಲಲಿಲ್ಲ, ಅದಕ್ಕೇ ಹೀಗಾಯ್ತು' ಎಂದು ಸಭೆಯ ಒಬ್ಬ ಹೆಂಗಸು ಅತ್ತಿಗೆಯ ಮುಂದೆಯೇ ಅಂದರಂತೆ. ಅದು ಪತ್ರದಲ್ಲಿದೆ, ಕಥೆಯಲ್ಲಿಲ್ಲ. ಸಭೆಯವರು ಬೇಸರ ಮಾಡಿಕೊಂಡಾರು ಅಂತ ಬಿಟ್ಟಿರಬೇಕು. ಊರು ಬದಲಿಸಿ, ಹೆಸರು ಬದಲಿಸಿ, ಆ ಮಾತು ಮಾತ್ರ ಇರಲಿ. ಹಾಗೇ ಆ ಹೆಂಗಸನ್ನು ಕೆಟ್ಟವಳನ್ನಾಗಿಯೂ ಮಾಡಬೇಡಿ. ನಾಲ್ಕು ದಿನ ಊಟ ಬಿಟ್ಟು ಪ್ರಾರ್ಥನೆ ಮಾಡಿದವಳು ಅವಳೂ ಹೌದಲ್ಲ.

ಕನಸು ತೆಗೆಯಿರಿ ಎನ್ನುವುದಿಲ್ಲ. ಕನಸಾದ ಮೇಲೆ ಆಕೆ ಚರ್ಚಿಗೆ ಹೋಗಲಿ, ಹಿಂದಿನ ಬೆಂಚಿನಲ್ಲಿ ಕೂರಲಿ, ಹಾಡದಿರಲಿ. ಹೆಸರನ್ನಂತೂ ಬದಲಿಸಿ. ದೇವರು ಹೂವು ಕಿತ್ತುಕೊಂಡ ಅನ್ನುವುದು ಸಾವಿನ ಮನೆಗೆ ಬಂದವರು ಆಡುವ ಮಾತು, ಆ ಮನೆಯವರದಲ್ಲ.

ತಿದ್ದುವುದಕ್ಕೆ ಮೊದಲು ಅಣ್ಣ ಅತ್ತಿಗೆಗೆ ಒಮ್ಮೆ ಓದಿ ಹೇಳಿ. ಬೇಡ ಎಂದರೆ ಕಳಿಸಬೇಡಿ, ನನಗೇನೂ ಬೇಸರವಿಲ್ಲ. ಸರಿ ಎಂದರೆ, ಆ ಅಂಗಿ ಈಗ ಎಲ್ಲಿದೆ ಅಂತ ಕೇಳಿ ನೋಡಿ. ಕಥೆಯಲ್ಲಿ ತಂದೆ ಅದನ್ನು ಹಿಡಿದುಕೊಂಡು ಅಂಗಡಿಯಿಂದ ಹೊರಬಿದ್ದವನು ಮನೆ ತಲುಪುವುದೇ ಇಲ್ಲ.

ನಿಮ್ಮ,
ಸಂಪಾದಕ
ಕಲಬುರಗಿ