ಮೇಷ್ಟ್ರನ್ನು ಕೇಳಿ: ಉಪ್ಪು ಎಲ್ಲಿಗೆ ಹೋಯ್ತು?

ಪ್ರಶ್ನೆ: ಮೇಷ್ಟ್ರೇ, ಏಳನೇ ಕ್ಲಾಸಿನ ನನ್ನ ಮಗ ಬಿಸಿನೀರಿನಲ್ಲಿ ಸಕ್ಕರೆ ಕರಗಿಸಿ, ದಾರ ಇಳಿಬಿಟ್ಟು ಕಲ್ಲುಸಕ್ಕರೆ ಮಾಡಿದ. ಒಂದು ವಾರಕ್ಕೆ ಚೆನ್ನಾಗಿ ಬಂತು. ಆಮೇಲೆ ಉಪ್ಪಿನಲ್ಲೂ ಹಾಗೇ ಮಾಡಿದ. ರಾತ್ರಿಯೆಲ್ಲ ಆರಲು ಬಿಟ್ಟರೂ ದಾರಕ್ಕೆ ಒಂದು ಹರಳೂ ಅಂಟಲಿಲ್ಲ. ಎಲ್ಲಿ ತಪ್ಪಾಯಿತು?
— ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಹುಡುಗನ ತಪ್ಪೇನೂ ಇಲ್ಲಮ್ಮ, ಉಪ್ಪಿನ ಗುಣವೇ ಹಾಗೆ. 100 ಗ್ರಾಂ ನೀರಿನಲ್ಲಿ 20 ಡಿಗ್ರಿ ಬಿಸಿಗೆ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ಕುದಿಯುವ ಹೊತ್ತಿಗೆ ಅದು 480 ಗ್ರಾಂ ದಾಟುತ್ತದೆ. ನೀರು ಆರಿದಂತೆ ಹೆಚ್ಚಾದ ಸಕ್ಕರೆಗೆ ಒಳಗೆ ಜಾಗ ಇರುವುದಿಲ್ಲ. ದಾರ ಹಿಡಿದು ಕೂರುತ್ತದೆ. ಉಪ್ಪಿನದು ನೋಡಿ: 20 ಡಿಗ್ರಿಗೆ 36 ಗ್ರಾಂ, ಕುದಿಯುವಾಗ ಬರೀ 39. ಆರಿದರೆ ವಾಪಸ್ ಬರುವುದು ಮೂರೇ ಗ್ರಾಂ. ಅದೂ ನೀರು ಇನ್ನು ಹಿಡಿಸಲ್ಲ ಅನ್ನುವಷ್ಟು ಉಪ್ಪು ಹಾಕಿದ್ದರೆ ಮಾತ್ರ.

ಈ ವಿಷಯದಲ್ಲಿ ನನ್ನ ಮಾನವೂ ಹೋಗಿದೆ. ಮಂಡ್ಯದ ಶಾಲೆಯೊಂದಕ್ಕೆ ಸೇರಿದ ಹೊಸತು. ಬೀಕರಿನಲ್ಲಿ ಬಿಸಿ ಉಪ್ಪುನೀರು ಇಟ್ಟು, 'ನಾಳೆ ಬಂದು ಹರಳು ನೋಡಿ' ಎಂದು ಜಂಬದಿಂದ ಹೇಳಿದ್ದೆ. ಮಾರನೆಯ ದಿನ ಏನೂ ಇಲ್ಲ. 'ಸಾರ್, ಉಪ್ಪು ಓಡೋಯ್ತಾ?' ಅಂದಳು ಮುಂದಿನ ಬೆಂಚಿನ ಹುಡುಗಿ. ಬೇಜಾರಿನಲ್ಲಿ ಅದನ್ನು ಕಿಟಕಿಯ ಹತ್ತಿರ ಸರಿಸಿ ಮರೆತೇಬಿಟ್ಟೆ. ದಸರಾ ರಜೆ ಮುಗಿಸಿ ಬಂದು ನೋಡಿದರೆ, ಉಪ್ಪು ಗಾಜಿನ ಗೋಡೆ ಹತ್ತಿ, ಅಂಚು ದಾಟಿ, ಹೊರಗಡೆ ಬೆಳ್ಳಗೆ ಹೂವಿನಂತೆ ಅರಳಿತ್ತು! ತಳದಲ್ಲಿ ಪುಟ್ಟ ಪುಟ್ಟ ಚೌಕದ ಹರಳುಗಳು. ನೀರು ಆವಿಯಾಗಿತ್ತು, ಅಷ್ಟೇ. ನಿಮ್ಮ ಮಗನಿಗೂ ಹೇಳಿ, ಉಪ್ಪುನೀರನ್ನು ಅಗಲವಾದ ತಟ್ಟೆಗೆ ಸುರಿದು ಸುಮ್ನೆ ಬಿಡಲಿ. ಕಡಲ ತೀರದಲ್ಲಿ ಉಪ್ಪು ತೆಗೆಯುವವರು ಮಾಡುವುದೂ ಅದನ್ನೇ.

ಪ್ರಶ್ನೆ: ಜಾಮೂನಿನ ಪಾಕಕ್ಕೆ ಮನೆಯವಳು ನಿಂಬೆರಸ ಹಿಂಡುತ್ತಾಳೆ. ನಮ್ಮ ಆಲೆಮನೆಯಲ್ಲಿ ಹಾಲಿಗೆ ಸುಣ್ಣ ಹಾಕುತ್ತೇವೆ. ಒಂದು ಕಡೆ ಹುಳಿ ಬೇಕು, ಇನ್ನೊಂದು ಕಡೆ ಬೇಡ. ಎರಡೂ ಸಕ್ಕರೆ ಪಾಕವೇ ಅಲ್ವಾ?
— ಕಬ್ಬು ಬೆಳೆಗಾರ, ಮದ್ದೂರು ತಾಲ್ಲೂಕು

ಉತ್ತರ: ಇಷ್ಟು ವರ್ಷದಲ್ಲಿ ಇಂಥ ಪ್ರಶ್ನೆ ನನಗೆ ಬಂದದ್ದು ಕಡಿಮೆ. (ಊರಿನ ಹೊರಗಿನ ಓದುಗರಿಗೆ: ಇಲ್ಲಿ ಹಾಲು ಅಂದರೆ ಕಬ್ಬಿನ ಹಾಲು.) ಎರಡೂ ಪಾಕವೇ, ಆದರೆ ನಿಮಗೆ ಬೇಕಾದದ್ದು ಬೇರೆ ಬೇರೆ. ಜಾಮೂನಿನ ಪಾಕ ಹರಳುಗಟ್ಟಬಾರದು. ಬೆಲ್ಲ ಗಟ್ಟಿಯಾಗಿ ಕೂರಬೇಕು.

ಸಕ್ಕರೆ ಅಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೈ ಕೈ ಹಿಡಿದು ನಿಂತ ಜೋಡಿ. ಹುಳಿ ಮತ್ತು ಬಿಸಿ ಸೇರಿದರೆ ಈ ಜೋಡಿಯಲ್ಲಿ ಒಂದಷ್ಟು ಬಿಡಿಸಿಕೊಳ್ಳುತ್ತದೆ. ಬಿಡಿಯಾದವು ಉಳಿದ ಸಕ್ಕರೆಯ ನಡುವೆ ತೂರಿಕೊಳ್ಳುತ್ತವೆ, ಸಾಲಾಗಿ ಜೋಡಿಸಿಕೊಂಡು ಹರಳಾಗಲು ಬಿಡುವುದಿಲ್ಲ. ನಿಮ್ಮ ಮನೆಯವರು ಹಿಂಡುವ ನಾಲ್ಕು ಹನಿ ಮಾಡುವ ಕೆಲಸ ಇದು. ಕಬ್ಬಿನ ಹಾಲಿಗೆ ಹುಟ್ಟಿನಿಂದಲೇ ಸ್ವಲ್ಪ ಹುಳಿ ಇರುತ್ತದೆ. ಕಡಿದ ಕಬ್ಬು ದಿನಗಟ್ಟಲೆ ಬಿದ್ದಿದ್ದರೆ ಇನ್ನೂ ಜಾಸ್ತಿ. ಸುಮ್ನೆ ಹಾಗೇ ಕಾಯಿಸಿದರೆ ಜೋಡಿಗಳು ಒಡೆದು ಬೆಲ್ಲ ಮೆತ್ತಗಾಗುತ್ತದೆ, ಮಳೆಗಾಲದಲ್ಲಿ ಜಿನುಗುತ್ತದೆ. ಸುಣ್ಣ ಆ ಹುಳಿಯನ್ನು ಕೊಲ್ಲುತ್ತದೆ, ಜೊತೆಗೆ ಕೊಳೆಯೂ ಮೇಲೆ ಬರುತ್ತದೆ. ಕೈ ಜಾರಿ ಜಾಸ್ತಿ ಬಿದ್ದರೆ ಬೆಲ್ಲ ಕಪ್ಪಾಗುತ್ತದೆ. ಅದನ್ನು ನಾನು ನಿಮಗೆ ಹೇಳಬೇಕಾ!

ನಮ್ಮ ಅಜ್ಜ ಕೊಪ್ಪರಿಗೆಯಿಂದ ಒಂದು ತೊಟ್ಟು ತೆಗೆದು ತಣ್ಣೀರಿನ ಚೊಂಬಿಗೆ ಬಿಡುತ್ತಿದ್ದರು. ಬೆರಳಲ್ಲಿ ಉರುಳಿಸಿ, ಚೊಂಬಿನ ಅಂಚಿಗೆ ಟಣ್ ಅಂತ ಹೊಡೆದು, 'ಇಳಿಸ್ರಪ್ಪ' ಅನ್ನುತ್ತಿದ್ದರು. ಬರೀ ನೀರು 100 ಡಿಗ್ರಿ ದಾಟುವುದಿಲ್ಲ. ಪಾಕದಲ್ಲಿ ನೀರು ಕಮ್ಮಿಯಾದಷ್ಟೂ ಕುದಿಯುವ ಬಿಸಿ ಏರುತ್ತದೆ, ಬೆಲ್ಲದ ಹದ ಸುಮಾರು 118 ಡಿಗ್ರಿಗೆ. ಅಜ್ಜನ ಹತ್ತಿರ ಥರ್ಮಾಮೀಟರ್ ಇರಲಿಲ್ಲ.

ಪ್ರಶ್ನೆ: ಬಿಸಿಯಲ್ಲಿ ಜಾಸ್ತಿ ಕರಗುತ್ತದೆ ಅಂತೀರಿ. ಹಾಗಾದರೆ ಬೋರ್‌ವೆಲ್ ನೀರು ಕಾಯಿಸಿದ ಪಾತ್ರೆಯಲ್ಲಿ ಬಿಳಿ ಪದರ ಏಕೆ ಕೂರುತ್ತದೆ?
— ವಿದ್ಯಾರ್ಥಿನಿ, ಪಾಂಡವಪುರ

ಉತ್ತರ: ಎಲ್ಲವೂ ಜಾಸ್ತಿ ಕರಗುತ್ತದೆ ಅಂತ ನಾನು ಹೇಳಿಲ್ಲಮ್ಮ! ಗಾಳಿಯದು ಪೂರ್ತಿ ಉಲ್ಟಾ, ಬಿಸಿಯಾದಷ್ಟೂ ನೀರು ಬಿಟ್ಟು ಹೋಗುತ್ತದೆ. ಬಿಸಿ ಸೋಡಾ ಬೇಗ ಸಪ್ಪೆಯಾಗುವುದು ಅದಕ್ಕೇ. ಬೋರ್ ನೀರಿನಲ್ಲಿ ಸುಣ್ಣದ ಅಂಶ ಕರಗಿರುವುದು ಕಾರ್ಬನ್ ಡೈ ಆಕ್ಸೈಡ್ ಜೊತೆಗಿದೆ ಎಂಬ ಕಾರಣಕ್ಕೆ. ಕಾಯಿಸಿದಾಗ ಅದು ಹಾರಿಹೋಗುತ್ತದೆ, ಸುಣ್ಣ ಒಂಟಿಯಾಗಿ ತಳ ಹಿಡಿಯುತ್ತದೆ. ಪಾತ್ರೆಗೆ ವಿನೆಗರ್ ಹಾಕಿ ಅರ್ಧ ಗಂಟೆ ಬಿಡು. ಬುರುಬುರು ನೊರೆ ಬರುತ್ತದೆ. ನಿಂತ ಮೇಲೆ ಉಜ್ಜು. ಅಲ್ಯೂಮಿನಿಯಂ ಪಾತ್ರೆಗೆ ಮಾತ್ರ ಬೇಡ.