ಮಿಲ್ಲಾ ಆ ತಿಂಗಳಿಗೆ ಮೊದಲೂ ಇದ್ದರು

ಶಿರಸಿಯ ಓದುಗರೊಬ್ಬರು ಹಳೇ ಪೇಪರ್ ಕಟಿಂಗ್ ಒಂದನ್ನು ಲಗತ್ತಿಸಿ ಹೀಗೆ ಬರೆದಿದ್ದಾರೆ: "1990ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಕ್ಯಾಮರೂನಿನ ರೋಜರ್ ಮಿಲ್ಲಾ ಗೋಲು ಹೊಡೆದು ಕಾರ್ನರ್ ಬಾವುಟದ ಹತ್ತಿರ ಕುಣಿದದ್ದು ಇನ್ನೂ ಕಣ್ಣಲ್ಲಿದೆ. ಆಟ ಬಿಟ್ಟು ಯಾವುದೋ ದ್ವೀಪದಲ್ಲಿ ಹಾಯಾಗಿದ್ದವರನ್ನು ಹಿಡಿದು ತಂದರಂತೆ. 38ನೇ ವಯಸ್ಸಿಗೆ ಒಂದು ತಿಂಗಳು ಆಡಿ ಜಗತ್ತಿಗೇ ಗೊತ್ತಾದರು. ಇದು ಅದೃಷ್ಟವಲ್ಲದೆ ಇನ್ನೇನು? ಹಿಂದಿನ ಮುಂದಿನ ಕಥೆ ಏನಾದರೂ ಇದ್ದರೆ ತಿಳಿಸಿ."

ಸಂಪಾದಕರ ಉತ್ತರ:

ನಿಮ್ಮ ಕಾಗದ ಓದಿ ಕೆಲಸ ಬದಿಗಿಟ್ಟು ಕೂತೆ. ಆ ಜೂನ್ ತಿಂಗಳಲ್ಲಿ ನಾನೂ ಪಕ್ಕದ ಮನೆಯ ಟಿವಿ ಮುಂದೆ ಚಾಪೆ ಹಾಸಿಕೊಂಡು ಕೂತವನೇ. ಮಾರನೇ ದಿನ ನಮ್ಮ ಓಣಿಯ ಹುಡುಗರು ಕ್ರಿಕೆಟ್ ಸ್ಟಂಪನ್ನೇ ಕಾರ್ನರ್ ಬಾವುಟ ಮಾಡಿಕೊಂಡು ಸೊಂಟ ಕುಣಿಸುತ್ತಿದ್ದರು. ಗೋಲು ಹೊಡೆದವನಿಗಿಂತ ಮೊದಲು ಗೋಲ್‌ಕೀಪರೇ ಕುಣಿದದ್ದೂ ಉಂಟು!

ದ್ವೀಪದ ಮಾತು ನಿಜ, ಆದರೆ ಅರ್ಧ. ಅದು ಹಿಂದೂ ಮಹಾಸಾಗರದ ರಿಯೂನಿಯನ್. ಅಲ್ಲಿ ಮಿಲ್ಲಾ ಸುಮ್ನೆ ಕಾಲು ಚಾಚಿಕೊಂಡು ಕೂತಿರಲಿಲ್ಲ, ಸೇಂಟ್ ಪಿಯರ್ ಊರಿನ ಕ್ಲಬ್ಬಿಗೆ ಆಡುತ್ತಿದ್ದರು. ದೇಶದ ತಂಡವನ್ನು ಮಾತ್ರ ಬಿಟ್ಟಿದ್ದರು. ಕ್ಯಾಮರೂನಿನ ಅಧ್ಯಕ್ಷ ಪಾಲ್ ಬಿಯಾ ಅವರೇ ಫೋನ್ ಮಾಡಿ ವಾಪಸ್ ಬರಲು ಹೇಳಿದ್ದೂ ನಿಜ.

ಅದಕ್ಕೆ ಮೊದಲಿನ ಕಥೆಯೇ ದೊಡ್ಡದು. ಹುಟ್ಟಿದ್ದು 1952ರಲ್ಲಿ, ಕ್ಯಾಮರೂನಿನ ರಾಜಧಾನಿ ಯೌಂಡೆಯಲ್ಲಿ. ಡೌಲಾದ ಕ್ಲಬ್‌ಗಳಲ್ಲಿ, ಆಮೇಲೆ ಯೌಂಡೆಯ ಟೊನೆರ್ ತಂಡದಲ್ಲಿ ಆಡಿ 1976ರಲ್ಲಿ ಆಫ್ರಿಕಾದ ವರ್ಷದ ಆಟಗಾರ ಅನ್ನಿಸಿಕೊಂಡರು. ಮರುವರ್ಷ ಫ್ರಾನ್ಸಿಗೆ ಹೋದರು. ಇಡೀ ಖಂಡಕ್ಕೇ ಒಳ್ಳೆಯ ಆಟಗಾರ ಅನ್ನಿಸಿಕೊಂಡವರು ವಾಲೆನ್ಸಿಯೆನ್ ಕ್ಲಬ್ಬಿನಲ್ಲಿ ಹೆಚ್ಚಾಗಿ ಬೆಂಚಿನ ಮೇಲೆ ಕೂತು ಪಂದ್ಯ ನೋಡಿದರು. ಮುಂದೆ ಮೊನಾಕೊ. ಅಲ್ಲೂ ಆಟ ಅಷ್ಟಕ್ಕಷ್ಟೆ.

ಕಾಲೂರಲು ಜಾಗ ಸಿಕ್ಕಿದ್ದು ಕಾರ್ಸಿಕಾ ದ್ವೀಪದ ಬಾಸ್ಟಿಯಾದಲ್ಲಿ. 1981ರ ಫ್ರೆಂಚ್ ಕಪ್ ಫೈನಲ್‌ನಲ್ಲಿ ಎದುರಿಗಿದ್ದದ್ದು ಮಿಷೆಲ್ ಪ್ಲಾಟಿನಿ ಇದ್ದ ಸೇಂಟ್ ಎಟಿಯೆನ್. ಬಾಸ್ಟಿಯಾ 2-1ರಿಂದ ಗೆದ್ದಿತು, ಒಂದು ಗೋಲು ಮಿಲ್ಲಾ ಅವರದು. ತಮಾಷೆ ನೋಡಿ, ಮುಂದೆ ಅದೇ ಸೇಂಟ್ ಎಟಿಯೆನ್ ಎರಡನೇ ದರ್ಜೆಗೆ ಬಿದ್ದಾಗ ಅಲ್ಲಿಗೇ ಹೋಗಿ ಎರಡು ವರ್ಷ ಆಡಿದರು, ತಂಡ ಮೇಲೆ ಬಂತು. 1986ರಲ್ಲಿ ಮಾಂಟ್‌ಪೆಲಿಯೆಗೆ ಹೋದರು. ಅದೂ ಎರಡನೇ ದರ್ಜೆಯಲ್ಲಿತ್ತು, ಅದೂ ಮೇಲೆ ಬಂತು. ಈ ನಡುವೆ ಕ್ಯಾಮರೂನ್ 1984 ಮತ್ತು 1988ರಲ್ಲಿ ಆಫ್ರಿಕಾ ಕಪ್ ಗೆದ್ದಿತ್ತು. 1982ರಲ್ಲಿ ಮೊದಲ ಸಲ ವಿಶ್ವಕಪ್ ಆಡಿ, ಮೂರೂ ಪಂದ್ಯ ಡ್ರಾ ಮಾಡಿಕೊಂಡು, ಒಂದೂ ಸೋಲದೆ ಮನೆಗೆ ಬಂದಿತ್ತು. ಅದರಲ್ಲಿ ಒಂದು ಡ್ರಾ ಆ ಸಲ ಕಪ್ ಗೆದ್ದ ಇಟಲಿ ಜೊತೆ. ಆಫ್ರಿಕಾ ಕಪ್, ವಿಶ್ವಕಪ್ ಎರಡರಲ್ಲೂ ಮಿಲ್ಲಾ ಇದ್ದರು. ನಾವು ನೋಡಿರಲಿಲ್ಲ ಅಷ್ಟೆ.

ಈಗ ಕೊಲಂಬಿಯಾ ವಿರುದ್ಧದ ಪಂದ್ಯಕ್ಕೆ ಬರೋಣ. 1990ರ ಜೂನ್ 23, ನೇಪಲ್ಸ್. ಆ ವಿಶ್ವಕಪ್‌ನಲ್ಲಿ ಮಿಲ್ಲಾ ಒಂದು ಪಂದ್ಯವನ್ನೂ ಶುರುವಿನಿಂದ ಆಡಲಿಲ್ಲ, ಪ್ರತಿ ಸಲವೂ ಬದಲಿಯಾಗಿಯೇ ಇಳಿದರು. ರೊಮೇನಿಯಾ ವಿರುದ್ಧ ಹಾಗೇ ಇಳಿದು ಎರಡು ಗೋಲು ಹೊಡೆದಿದ್ದರು. ಇಲ್ಲಿ 90 ನಿಮಿಷ ಮುಗಿದರೂ ಗೋಲಿಲ್ಲ. ಹೆಚ್ಚುವರಿ ಸಮಯದ 106ನೇ ನಿಮಿಷದಲ್ಲಿ ಎಡಗಾಲಿನಿಂದ ಒಂದು. ಎರಡೇ ನಿಮಿಷಕ್ಕೆ ಎರಡನೆಯದು. ಕೊಲಂಬಿಯಾದ ಕೀಪರ್ ಹಿಗಿಟಾ ಗೋಲು ಬಿಟ್ಟು ಎಷ್ಟೋ ಮುಂದೆ ಬಂದು ನಿಂತಿದ್ದರು. ಚೆಂಡು ಕಾಲಿಗೆ ಬಂತು. ಒದ್ದು ಕಳಿಸಿದ್ದರೆ ಮುಗಿದಿತ್ತು. ಅವರು ಕಾಲಡಿಯಲ್ಲಿ ಎಳೆದು ಮಿಲ್ಲಾಗೇ ಚಳ್ಳೆಹಣ್ಣು ತಿನ್ನಿಸಲು ಹೊರಟರು. ಮಿಲ್ಲಾ ಕಾಲು ಚಾಚಿ ಕಿತ್ತುಕೊಂಡರು. ಮುಂದೆ ಖಾಲಿ ಮೈದಾನ, ಖಾಲಿ ಗೋಲು. ಹಿಂದಿನಿಂದ ಹಿಗಿಟಾ ಜಾರಿ ಬಿದ್ದರೂ ಸಿಗಲಿಲ್ಲ.

ಎಲ್ಲರೂ ಇದನ್ನು ಹಿಗಿಟಾ ತಪ್ಪು ಅಂತಾರೆ. ತಪ್ಪೇ. ಆದರೆ ಕೊಲಂಬಿಯಾದ ನಾಯಕ ವಾಲ್ಡೆರಾಮಾ, ಆ ಹೊಂಬಣ್ಣದ ಗುಂಗುರು ಕೂದಲಿನವರು, ಹಿಂದಿನ ವರ್ಷವಷ್ಟೇ ಮಾಂಟ್‌ಪೆಲಿಯೆಯಲ್ಲಿ ಮಿಲ್ಲಾ ಜೊತೆ ಆಡಿದ್ದರು. ತಮ್ಮ ದೇಶದ ಪಂದ್ಯಗಳ ವಿಡಿಯೊ ತೋರಿಸುತ್ತಿದ್ದರಂತೆ. ಹಿಗಿಟಾ ಹೀಗೆ ಮುಂದೆ ಬಂದು ಆಟವಾಡುವುದು ಅದರಿಂದಲೇ ಗೊತ್ತಿತ್ತು ಅಂತ ಮಿಲ್ಲಾ ಆಮೇಲೆ ಹೇಳಿಕೊಂಡಿದ್ದಾರೆ. ಹಾಗಾಗಿ ಅದೃಷ್ಟ ಅನ್ನುವ ನಿಮ್ಮ ಮಾತು ನನಗೆ ಒಪ್ಪಿಗೆಯಿಲ್ಲ. ಫೋನ್ ಕರೆ ಬಂದದ್ದು ಅದೃಷ್ಟ ಇರಬಹುದು. ಚೆಂಡು ಕಿತ್ತುಕೊಂಡ ಕಾಲಿಗೆ ಫ್ರಾನ್ಸಿನ 12 ವರ್ಷದ ಪಳಗಿಕೆ ಇತ್ತು.

ಇಂಗ್ಲೆಂಡ್ ವಿರುದ್ಧದ ಕ್ವಾರ್ಟರ್ ಫೈನಲ್ ನನಗೆ ಇವತ್ತಿಗೂ ಹೊಟ್ಟೆಯುರಿ. ಅರ್ಧ ಆಟ ಮುಗಿದ ಮೇಲೆ ಮಿಲ್ಲಾ ಇಳಿದರು, ಕ್ಯಾಮರೂನ್ ಹಿಂದಿತ್ತು. ಅವರನ್ನು ಬೀಳಿಸಿದ್ದಕ್ಕೆ ಪೆನಾಲ್ಟಿ ಸಿಕ್ಕಿ ಕುಂಡೆ ಸಮ ಮಾಡಿದರು. ನಾಲ್ಕು ನಿಮಿಷಕ್ಕೆ ಮಿಲ್ಲಾ ಪಾಸ್ ಕೊಟ್ಟರು, ಎಕೆಕೆ ಗೋಲು. ಗೆಲುವು ಏಳೆಂಟು ನಿಮಿಷ ದೂರವಿತ್ತು, ಅಷ್ಟರಲ್ಲಿ ಲಿನೇಕರ್‌ಗೆ ಪೆನಾಲ್ಟಿ. ಹೆಚ್ಚುವರಿ ಸಮಯದಲ್ಲಿ ಇನ್ನೊಂದು. ಇಂಗ್ಲೆಂಡ್ 3-2. ಅಷ್ಟು ದೂರ ಬಂದ ಮೊದಲ ಆಫ್ರಿಕನ್ ತಂಡ ಅದು. ಮುಂದಿನ ವಿಶ್ವಕಪ್‌ಗೆ ಆಫ್ರಿಕಾದ ಜಾಗ ಎರಡರಿಂದ ಮೂರಾಯಿತು. ಆ ವರ್ಷ ಮಿಲ್ಲಾ ಮತ್ತೆ ಆಫ್ರಿಕಾದ ವರ್ಷದ ಆಟಗಾರ, ಮೊದಲ ಸಲದ 14 ವರ್ಷದ ಮೇಲೆ.

ಆಮೇಲಿನದು ಬೇಗ ಹೇಳಿಬಿಡುತ್ತೇನೆ. 1994ರಲ್ಲಿ ಅಮೆರಿಕದಲ್ಲಿ, 42ನೇ ವಯಸ್ಸಿನಲ್ಲಿ, ರಷ್ಯಾ ವಿರುದ್ಧ ಇಳಿದು ಮತ್ತೊಂದು ಗೋಲು ಹೊಡೆದರು. ಕ್ಯಾಮರೂನ್ ಸೋತದ್ದು 6-1ರಿಂದ. ರಷ್ಯಾದ ಸಲೆಂಕೊ ಒಬ್ಬರೇ ಐದು ಹೊಡೆದರು, ಅದು ದಾಖಲೆ. ಇಂಥ ದಿನವೂ ಮಿಲ್ಲಾ ಗೋಲು ದಾಖಲೆಯಾಯಿತು: ವಿಶ್ವಕಪ್‌ನಲ್ಲಿ ಗೋಲು ಹೊಡೆದ ಅತಿ ಹಿರಿಯ ಆಟಗಾರ.

ನಿಮ್ಮ ಕಟಿಂಗ್ ಜೋಪಾನವಾಗಿ ವಾಪಸ್ ಕಳಿಸುತ್ತಿದ್ದೇನೆ. ಚಿತ್ರದ ಕೆಳಗೆ "ರೊಮೇನಿಯಾ ವಿರುದ್ಧ" ಅಂತ ಅಚ್ಚಾಗಿದೆ. ಮೂಲೆಯಲ್ಲಿ ನೆಲಕ್ಕೆ ಬಿದ್ದಿರುವ ಗುಂಗುರು ಕೂದಲಿನ ಕೀಪರ್ ಕಾಣುತ್ತಾರಲ್ಲ, ಅವರು ಹಿಗಿಟಾ. ಪೆನ್ಸಿಲ್‌ನಲ್ಲಿ ತಿದ್ದಿಟ್ಟಿದ್ದೇನೆ, ಬೇಜಾರಾಗಬೇಡಿ.