ಕಡ್ಡಿಪೆಟ್ಟಿಗೆಯ ಮ್ಯಾಚ್, ಕ್ರಿಕೆಟ್ಟಿನ ಮ್ಯಾಚ್

ಪ್ರಶ್ನೆ: ಇಂಗ್ಲಿಷಿನ ‘ಮ್ಯಾಚ್’ ಪದಕ್ಕೆ ಬೆಂಕಿಕಡ್ಡಿ, ಪಂದ್ಯ, ಹೊಂದಿಕೆ ಎಂಬ ಅರ್ಥಗಳಿವೆ. ಇವೆಲ್ಲಕ್ಕೂ ಮೂಲ ಒಂದೆಯೇ? (ಓದುಗರೊಬ್ಬರು, ಶಿರಸಿ)

ಉತ್ತರ: ಅಲ್ಲ. ಇಲ್ಲಿರುವುದು ಒಂದೇ ರೂಪ ತಳೆದ ಎರಡು ಬೇರೆ ಪದಗಳು. ಪಂದ್ಯ ಮತ್ತು ಹೊಂದಿಕೆಯನ್ನು ಸೂಚಿಸುವ ‘ಮ್ಯಾಚ್’ ಹಳೆಯ ಇಂಗ್ಲಿಷಿನ ‘ಯೆಮ್ಯಾಚ್ಚ’ (gemæcca) ಎಂಬ ಪದದಿಂದ ಬಂದದ್ದು. ಅದಕ್ಕೆ ಸಂಗಾತಿ, ಸರಿಸಮಾನ ಎಂಬ ಅರ್ಥಗಳಿದ್ದವು. ಸಮಬಲರಾದ ಇಬ್ಬರು ಎದುರುಬದುರಾದಾಗ ಅದು ಪಂದ್ಯವಾಗುತ್ತದೆ, ಸಮಾನ ಮನೆತನಗಳು ಕೂಡಿದಾಗ ಮದುವೆಯ ಸಂಬಂಧವಾಗುತ್ತದೆ, ಸೀರೆಗೆ ಒಪ್ಪುವ ರವಿಕೆ ಸಿಕ್ಕಾಗ ಹೊಂದಿಕೆಯಾಗುತ್ತದೆ. ನಮ್ಮ ‘ಜೋಡಿ’ ಪದವೂ ಇದೇ ಹಾದಿಯಲ್ಲಿ ನಡೆದಿರುವುದು ನನಗೆ ಬಹಳ ಸೊಗಸೆನಿಸುತ್ತದೆ: ಗಂಡಹೆಂಡಿರು ಜೋಡಿ, ಎತ್ತುಗಳು ಜೋಡಿ, ಮೈಸೂರು ದಸರಾ ಕುಸ್ತಿಗೆ ಮುನ್ನ ಪೈಲ್ವಾನರನ್ನು ಎದುರಾಳಿಗಳಾಗಿ ಗೊತ್ತುಪಡಿಸುವುದೂ ‘ಜೋಡಿ ಕಟ್ಟುವುದು’.

ಬೆಂಕಿಕಡ್ಡಿಯ ‘ಮ್ಯಾಚ್’ ಹಳೆಯ ಫ್ರೆಂಚಿನಿಂದ ಬಂದದ್ದು. ಅಲ್ಲಿ ಅದರ ಅರ್ಥ ದೀಪದ ಬತ್ತಿ. ಮುಂದೆ ಫಿರಂಗಿಯ ಮದ್ದನ್ನು ಹೊತ್ತಿಸಲು ಬಳಸುತ್ತಿದ್ದ, ನಿಧಾನವಾಗಿ ಉರಿಯುವ ಹುರಿಗೂ ಇದೇ ಹೆಸರಾಯಿತು. ಅಂಥ ಹುರಿಯಿಂದ ಹಾರಿಸುತ್ತಿದ್ದ ಕೋವಿಯೇ ‘ಮ್ಯಾಚ್‌ಲಾಕ್’. ಗೀರಿದರೆ ಹೊತ್ತಿಕೊಳ್ಳುವ ಕಡ್ಡಿಯನ್ನು ಇಂಗ್ಲೆಂಡಿನ ಸ್ಟಾಕ್ಟನ್ ಊರಿನ ಔಷಧ ವ್ಯಾಪಾರಿ ಜಾನ್ ವಾಕರ್ ಮಾರಲಾರಂಭಿಸಿದ್ದು 1827ರಲ್ಲಿ. ಹೀಗೆ ಬತ್ತಿಯ ಹೆಸರು, ಬತ್ತಿಯೇ ಇಲ್ಲದ ಕಡ್ಡಿಗೆ ಉಳಿದುಕೊಂಡಿತು.